ಅರಬ್ಬೀ ಸಮುದ್ರದ ತಿಮಿಂಗಿಲಗಳ ಸೂತಿಕಾಸ್ಥಾನ

ಬೂದು ತಿಮಿಂಗಿಲವು ಉತ್ತರದ ಶೀತಸಮುದ್ರಗಳಿಂದ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರುಗಳಿಗೆ ಬಂದು ಮರಿಯೀಯುವುದು ಪ್ರಸಿದ್ಧವಾಗಿದೆ. ಕುಂದಾಪುರ, ಬೈಂದೂರುಗಳ ಮುಂದಣ ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲವಾದರೋ ಅಂತಹ ದೀರ್ಘಯಾತ್ರೆಯನ್ನು ಕೈಕೊಳ್ಳುವುದಿಲ್ಲ. ಅದರ ಮೇವೂ ಪ್ರಸವವೂ ಈ ಕಡಲಿನಲ್ಲಿಯೇ.

ಇದಕ್ಕೆ ದೊರೆತ ಮುಖ್ಯಾಧಾರವು ಶೋಚನೀಯವಾದುದು. 1965-66ರಲ್ಲಿ ಸೋವಿಯತ್ ನೌಕೆಗಳು ಒಮಾನ್, ಪಾಕಿಸ್ತಾನ, ವಾಯವ್ಯ ಭಾರತಗಳ ಬಳಿ ಇಂತಹ 242 ತಿಮಿಂಗಿಲಗಳನ್ನು ನಿಯಮಬಾಹಿರವಾಗಿ ಕೊಂದುವು. ಆ ಹೆಣ್ಣುಗಳ ಗರ್ಭಪಿಂಡಗಳ ವಿವರವನ್ನು ಮಿಖಲೇವ್ ಎಂಬ ವಿದ್ವಾಂಸನು 1997ರಲ್ಲಿ ಪ್ರಕಟಿಸಲಾಗಿ, ಇವು ದಕ್ಷಿಣ ಗೋಳಾರ್ಧದಿಂದ ಬಂದ ಅತಿಥಿಗಳಲ್ಲ, ಉತ್ತರದ ಋತುಕ್ರಮದಂತೆ ಇಲ್ಲಿಯೇ ಈಯುವ ಪ್ರತ್ಯೇಕ ಕುಲವೆಂದು ತಿಳಿದುಬಂದಿತು.

ಹಿಂದೆ ಬಸರೂರಿನ ಅಕ್ಕಿಯು ಹಡಗುಗಳಲ್ಲಿ ಮಸ್ಕತ್ತಿಗೆ ಹೋಗುತ್ತಿದ್ದಿತು. ಅದೇ ಕಡಲನ್ನು ದಾಟಿ ಲುಬಾನ್ ಎಂಬ ಹೆಣ್ಣು ತಿಮಿಂಗಿಲವು 2017ರಲ್ಲಿ ಒಮಾನಿನಿಂದ ಭಾರತದ ದಕ್ಷಿಣಾಗ್ರದವರೆಗೂ ಬಂದು, ಮರುವರ್ಷ ಹಿಂದಿರುಗಿದುದನ್ನು ಉಪಗ್ರಹಸಂಕೇತಗಳು ತೋರಿಸಿದುವು. ಆದುದರಿಂದ ಎರಡು ತೀರಗಳೂ ಒಂದೇ ಕುಲದ ನೆಲೆಯೆಂದು ಗ್ರಹಿಸಬೇಕಾಗುವುದು. ಒಮಾನಿನ ಕಡೆ ಉಳಿದಿರುವುವು ನೂರಕ್ಕೂ ಕಡಿಮೆಯೆಂದು ಅಂದಾಜು. ಅನ್ಯ ಸಮುದ್ರಗಳ ಬಳಗದೊಡನೆ ಇವುಗಳ ಸಂಪರ್ಕವು ಸುಮಾರು 70,000 ವರ್ಷಗಳಿಂದ ತಪ್ಪಿಹೋಗಿದೆಯೆಂದು 2014ರ ಅನುವಂಶಿಕ ಪರೀಕ್ಷೆ ಸೂಚಿಸಿತು. ಇಲ್ಲಿ ಒಂದು ತಾಯಿ ಬಲೆಗೆ ಸಿಕ್ಕಿಯೋ ಹಡಗಿನ ಬಡಿತದಿಂದಲೋ ಅಳಿದರೆ, ಆ ಸ್ಥಾನವನ್ನು ತುಂಬತಕ್ಕುದು ಇದೇ ಕಡಲಿನಲ್ಲಿ ಹುಟ್ಟುವ ಮರಿಯೊಂದೇ.