ಪಾಟೀಲರೆಂಬ ಅಡ್ಡಹೆಸರು

ಭಾಲ್ಕಿಯಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಹಾಜರಿ ಕರೆಯುವಾಗ ‘ಪಾಟೀಲ’ ಎಂದೊಡನೆ ಮೂವರು ಎದ್ದು ನಿಲ್ಲುತ್ತಿದ್ದರು: ಒಬ್ಬ ಲಿಂಗಾಯತ, ಒಬ್ಬ ಮರಾಠಾ, ಮತ್ತೊಬ್ಬ ಮುಸಲ್ಮಾನ. ಹೊರಗಿನವರಿಗೆ ಇದು ವಿಸ್ಮಯ. ಬೀದರ ಸೀಮೆಗೆ ನಿತ್ಯದ ಮಾತು. ಪಾಟೀಲ ಎಂಬುದು ಕುಲದ ಹೆಸರಲ್ಲ, ಹುದ್ದೆಯ ಹೆಸರು. ಶಾಸನಗಳ ‘ಪಟ್ಟಕಿಲ’ ಶಬ್ದವೇ ಸವೆದು ಹೀಗಾಯಿತೆಂದು ವಿದ್ವಾಂಸರು ಹೇಳುತ್ತಾರೆ. ನಿಜಾಮರ ಆಳಿಕೆಯಲ್ಲಿ ಹಳ್ಳಿಯ ಕಂದಾಯ ಎತ್ತಿದವನು ಮಾಲಿಪಾಟೀಲ, ಕಾವಲು ನೋಡಿದವನು ಪೊಲೀಸ್ ಪಾಟೀಲ. ಮಾಲು ಎಂದರೆ ಕಂದಾಯವೇ. ಲೆಕ್ಕ ಬರೆದವನ ಮನೆತನ ಕುಲಕರ್ಣಿಯಾಯಿತು.

ದೂರದ ಸ್ಕಾಟ್ಲೆಂಡಿನ ಸ್ಟುವರ್ಟ್ ಎಂಬ ಹೆಸರೂ ಇಂಥದೇ. ಅದು ಅರಮನೆಯ ಪಾರುಪತ್ಯಗಾರನ ಹುದ್ದೆ. ಆ ಮನೆತನದವನೊಬ್ಬ 1371ರಲ್ಲಿ ಅರಸನೇ ಆದ. ನಮ್ಮ ಪಾಟೀಲರಿಗೆ ದಕ್ಕಿದ್ದು ಸಿಂಹಾಸನವಲ್ಲ, ಊರ ಚಾವಡಿ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯ್ದೆ 1961ರಲ್ಲಿ ಬಂದಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಅದೇ ಹಾಜರಿ ಪುಸ್ತಕದಲ್ಲಿ ಕೆಲವರ ಹೆಸರಿನೊಡನೆ ತಂದೆಯ ಹೆಸರು ಮಾತ್ರ ಇರುತ್ತಿತ್ತು. ಚಾವಡಿಯ ಮೆಟ್ಟಿಲನ್ನೇ ಹತ್ತದ ಮನೆಗಳವರು. ಔರಾದ ಕಡೆಯ ಅಂಥ ಹುಡುಗನೊಬ್ಬ ಒಮ್ಮೆ, “ಸರ್, ನಮಗ ಅಡ್ಡಹೆಸರು ಯಾಕ ಇಲ್ರಿ?” ಎಂದು ಕೇಳಿದ. ನಾನು ಪಟ್ಟಕಿಲ ಶಬ್ದದ ವ್ಯುತ್ಪತ್ತಿ ಹೇಳಿ ಪಾಠ ಮುಂದುವರಿಸಿದೆ.