ಆಮ್ಲದ ಸಾರತೆ, ಲೋಹದ ಶಾಖ

ಸತುವಿನ ಚೂರನ್ನು ಆಮ್ಲಕ್ಕೆ ಹಾಕಿದರೆ ಗುಳ್ಳೆಯೆದ್ದು ಪಾತ್ರೆ ಬಿಸಿಯಾಗುತ್ತದೆ. ಆಮ್ಲಕ್ಕೆ ನೀರು ಬೆರೆಸಿದಷ್ಟೂ ಗುಳ್ಳೆ ಮಂದವಾಗುತ್ತದೆ, ಬಿಸಿಯೂ ಕುಂದಿದಂತೆ ತೋರುತ್ತದೆ. ಹಾಗಾದರೆ ಹೊರಬರುವ ಶಾಖವನ್ನು ತೀರ್ಮಾನಿಸುವುದು ಆಮ್ಲದ ಸಾರತೆಯೇ? ಉತ್ತರ ಸ್ಪಷ್ಟವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಸುಳಿವು ಸಿಕ್ಕಿದ್ದು ಅನಿಲದಿಂದ. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಕಬ್ಬಿಣದ ತಂತಿಯನ್ನು ಗಂಧಕಾಮ್ಲದಲ್ಲಿ ಕರಗಿಸಿದ. ಒಮ್ಮೆ ಆಮ್ಲಕ್ಕೆ ಅದರ ತೂಕದ ಒಂದೂವರೆಪಟ್ಟು ನೀರು, ಇನ್ನೊಮ್ಮೆ ಏಳುಪಟ್ಟು. ಎರಡರಲ್ಲೂ ಹೊರಬಂದ ಉರಿಯುವ ಅನಿಲದ ಪ್ರಮಾಣ ಒಂದೇ ಆಗಿತ್ತು. ಅಂದರೆ ಅನಿಲದ ಲೆಕ್ಕ ಕರಗಿದ ಲೋಹಕ್ಕೆ ಸೇರಿದ್ದು, ಆಮ್ಲದ ಸಾರಕ್ಕಲ್ಲ. ಶಾಖವನ್ನು ಅಳೆಯುವ ಸಾಧನ ಬಂದದ್ದು ಆಮೇಲೆ. 1782–83ರ ಚಳಿಗಾಲದಲ್ಲಿ ಲಾವೋಸಿಯೆ ಮತ್ತು ಲಾಪ್ಲಾಸ್, ಕರಗಿದ ಮಂಜುಗಡ್ಡೆಯನ್ನು ತೂಗಿ ಶಾಖವನ್ನು ಲೆಕ್ಕಹಾಕಿದರು.

ಸಾರತೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವನು ಸೇಂಟ್ ಪೀಟರ್ಸ್‌ಬರ್ಗ್‌ನ ಜರ್ಮೇನ್ ಹೆಸ್. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಅವನ ಪ್ರಯೋಗ. ಗಂಧಕಾಮ್ಲಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ, ಆಗ ಹೊರಟ ಶಾಖವನ್ನು ಅಳೆದ. ಆ ಪ್ರತಿಯೊಂದು ದ್ರಾವಣವನ್ನೂ ಅಮೋನಿಯಾದಿಂದ ತಟಸ್ಥಗೊಳಿಸಿ ಮತ್ತೆ ಅಳೆದ. ನೀರು ಹೆಚ್ಚು ಬೆರೆತಿದ್ದ ಆಮ್ಲ ಎರಡನೆಯ ಹಂತದಲ್ಲಿ ಕಡಿಮೆ ಶಾಖ ಕೊಟ್ಟಿತು. ಆದರೆ ಎರಡೂ ಹಂತದ ಶಾಖವನ್ನು ಕೂಡಿಸಿದಾಗ ಮೊತ್ತ ಹೆಚ್ಚುಕಡಿಮೆ ಒಂದೇ ಬಂತು. ಹಂತಗಳು ಹೇಗೇ ಇರಲಿ, ಒಟ್ಟು ಶಾಖ ಒಂದೇ ಎಂದು 1840ರಲ್ಲಿ ಅವನು ಪ್ರಕಟಿಸಿದ ನಿಯಮ ಇದರಿಂದಲೇ ಮೂಡಿತು. ಸಾರಯುಕ್ತ ಆಮ್ಲ ಹೆಚ್ಚು ಬಿಸಿ ಕೊಡುತ್ತದೆಂದರೆ, ಆ ಹೆಚ್ಚುವರಿ ಪಾಲು ಆಮ್ಲ ಮತ್ತು ನೀರಿನ ನಡುವೆ ಇನ್ನೂ ಹೊರಬೀಳದೆ ಉಳಿದಿದ್ದ ಶಾಖ. ಅದು ಸಣ್ಣದೇನಲ್ಲ: ಒಂದು ಮೋಲ್ ಹೈಡ್ರೋಜನ್ ಕ್ಲೋರೈಡ್ ಹತ್ತು ಮೋಲ್ ನೀರಿನಲ್ಲಿ ಕರಗಿದಾಗ ಸುಮಾರು 69 ಕಿಲೋಜೌಲ್ ಹೊರಬಿದ್ದರೆ, ಯಥೇಚ್ಛ ನೀರಿನಲ್ಲಿ ಕರಗಿದಾಗ 75ರ ಹತ್ತಿರ ಬರುತ್ತದೆ.

ಕೋಪನ್‌ಹೇಗನ್‌ನ ಜೂಲಿಯಸ್ ಥಾಮ್ಸೆನ್, ಪ್ಯಾರಿಸ್ಸಿನ ಬರ್ಥೆಲೋ ಇಂಥ ಅಳತೆಗಳನ್ನು ರಾಶಿರಾಶಿಯಾಗಿ ಕಲೆಹಾಕಿದರು. ಅಷ್ಟರಲ್ಲೇ ವೇಗದ ಅಧ್ಯಯನ ಬೇರೊಂದು ದಾರಿ ಹಿಡಿದಿತ್ತು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಕ್ರಿಯೆಯ ಓಟವನ್ನು ವಸ್ತುಗಳ ಸಾರತೆಗೆ ಜೋಡಿಸಿದರು. 1887ರಲ್ಲಿ ಅರ್‍ಹೇನಿಯಸ್‌ನ ಅಯಾನು ಸಿದ್ಧಾಂತ ಬಂದಮೇಲೆ ಚಿತ್ರ ತಿಳಿಯಾಯಿತು: ಸಾರರಿಕ್ತ ಆಮ್ಲ ಹೈಡ್ರೋಕ್ಲೋರಿಕ್ ಇರಲಿ, ಗಂಧಕಾಮ್ಲ ಇರಲಿ, ಲೋಹದೊಡನೆ ವರ್ತಿಸುವುದು ಹೈಡ್ರೋಜನ್ ಅಯಾನೇ. ಹಾಗಾಗಿ ಶಾಖದ ಲೆಕ್ಕವೂ ಕರಗಿದ ಲೋಹಕ್ಕೇ ಸೇರಿದ್ದು: ಒಂದು ಮೋಲ್ ಮೆಗ್ನೀಸಿಯಂಗೆ ಸುಮಾರು 467 ಕಿಲೋಜೌಲ್, ಸತುವಿಗೆ 154.

ಸಾರತೆ ಮಿತಿಮೀರಿದರೆ ಕ್ರಿಯೆಯೇ ಬದಲಾಗುತ್ತದೆ. ಬಿಸಿಯಾದ ಸಾರಯುಕ್ತ ಗಂಧಕಾಮ್ಲದಲ್ಲಿ ಸತು ಕರಗಿದಾಗ ಗಂಧಕದ ಡೈಆಕ್ಸೈಡ್ ಬರುತ್ತದೆ. ಸಾರಯುಕ್ತ ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಮೇಲ್ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ. 1836ರಲ್ಲಿ ಶೋನ್‌ಬೈನ್ ಮತ್ತು ಫ್ಯಾರಡೆ ಇದರ ಬೆನ್ನುಹತ್ತಿದ್ದರು. ಇವನ್ನು ಸಾರರಿಕ್ತ ಆಮ್ಲದ ಲೆಕ್ಕದೊಡನೆ ಬೆರೆಸುವಂತಿಲ್ಲ.

ಕಾಲೇಜು ಪ್ರಯೋಗಾಲಯಗಳಲ್ಲಿ ಗೊಂದಲ ಉಳಿದಿರುವುದು ಥರ್ಮಾಮೀಟರಿನಿಂದ. 0.1 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು 50 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ, ಲೆಕ್ಕದ ಪ್ರಕಾರ ಉಷ್ಣತೆ ಸುಮಾರು 9 ಡಿಗ್ರಿ ಏರಬೇಕು. ಆಮ್ಲ 1 ಮೋಲಾರ್ ಇರಲಿ, 0.5 ಇರಲಿ, ಏರಿಕೆ ಅಷ್ಟೇ. ಆದರೆ ಸಾರ ಕಡಿಮೆಯಾದಂತೆ ಕ್ರಿಯೆ ನಿಧಾನವಾಗಿ, ಪಾತ್ರೆಯಿಂದ ಶಾಖ ಸೋರಿಹೋಗಿ, ಥರ್ಮಾಮೀಟರ್ ಕಡಿಮೆ ತೋರಿಸುತ್ತದೆ. ಪಾತ್ರೆಗೆ ಥರ್ಮಾಕೋಲ್ ಹೊದಿಕೆ ಹಾಕಿ, ನಿಮಿಷನಿಮಿಷಕ್ಕೆ ಉಷ್ಣತೆ ಬರೆದುಕೊಂಡು ನಕ್ಷೆ ಎಳೆದರೆ ಈ ನಷ್ಟವನ್ನು ಸರಿಪಡಿಸಬಹುದು. ಒಂದೇ ಒಂದು ಗರಿಷ್ಠ ಅಂಕಿಯನ್ನು ನಂಬಿ ತೀರ್ಮಾನ ಬರೆಸುವುದು ತಪ್ಪು. 0.1 ಮೋಲಾರ್‌ಗೆ ಇಳಿದಾಗ ಮಾತ್ರ ನಿಜವಾದ ಕುಸಿತ: ಆಮ್ಲವೇ ಸಾಲದೆ ಪಟ್ಟಿಯ ಶೇ. 60ರಷ್ಟು ಮಾತ್ರ ಕರಗಿ, ಏರಿಕೆ ಐದೂವರೆ ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ಆಗಲೂ ಕರಗಿದ ಲೋಹ ಗ್ರಾಮಿಗೆ ಸುಮಾರು 19 ಕಿಲೋಜೌಲ್ ಕೊಟ್ಟೇ ಇರುತ್ತದೆ.