ಕಾರಂತರ ಕಲಾಪಥ: ಮಾತಿನಿಂದ ಹೆಜ್ಜೆಗೆ

ಡಾ. ಶಿವರಾಮ ಕಾರಂತರ (1902–1997) ಕಾದಂಬರಿ, ಚಿತ್ರಕಲೆ, ಮೂಕಿಚಿತ್ರ, ಯಕ್ಷಗಾನಗಳನ್ನು ಬಿಡಿಬಿಡಿಯಾಗಿ ಎಣಿಸುವ ರೂಢಿಯಿದೆ. ಅವುಗಳ ಒಳಸಂಬಂಧವನ್ನು ಗಮನಿಸಬೇಕು. ‘ಚೋಮನ ದುಡಿ’ಯಲ್ಲಿ (1933) ಚೋಮನ ಅಳಲೆಲ್ಲ ದುಡಿಯ ಬಡಿತದಲ್ಲಿ ಹೊಮ್ಮುತ್ತದೆ. ಮುಂದೆ ‘ಯಕ್ಷರಂಗ’ದಲ್ಲಿಯೂ ಅವರು ಮಾತನ್ನು ಹಿಂದೆ ಸರಿಸಿ, ಹೆಜ್ಜೆ, ಅಭಿನಯ, ರಾಗಗಳಿಗೇ ಕಥನದ ಹೊಣೆಯನ್ನು ವಹಿಸಿದರು, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಹಿಮ್ಮೇಳಕ್ಕೆ ತಂದರು, ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಕಾದಂಬರಿಕಾರನೊಬ್ಬ ಹೀಗೆ ಮಾಡಿದ್ದು ಸೋಜಿಗವೇ ಸರಿ! ಆದರೆ ಆಶುವಾಗಿ ಅರ್ಥ ಹೇಳುವ ಕಲಾವಿದನ ಪಾಂಡಿತ್ಯ, ಹಾಸ್ಯಗಾರನ ಊರಮಾತುಗಳು ಇದರಿಂದ ರಂಗದ ಹೊರಗುಳಿದವು. ಜಾನಪದ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ. ಹಳೆಯ ಪರಂಪರೆಯನ್ನು ‘ಯಕ್ಷಗಾನ ಬಯಲಾಟ’ ಗ್ರಂಥದಲ್ಲಿ ಶ್ರಮವಹಿಸಿ ದಾಖಲಿಸಿದವರೂ ಅವರೇ. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದದ್ದು ಆ ಗ್ರಂಥಕ್ಕೆ. ಅವರ ಪ್ರಯೋಗಗಳನ್ನು ಪ್ರಶ್ನಿಸುವವರಿಗೂ ಅದು ಆಕರವಾಗಿದೆ.